ಮಗಳ ಜೊತೆ ಮೊದಲ ಜಿಂಕೆ ಬೇಟೆ: ಮನೆಯ ಜಮೀನಿನಲ್ಲಿ ತಯಾರಿ ಹೇಗೆ?

ಮಗಳಿಗೆ 12 ತುಂಬಿದ ವರ್ಷ ಬೇಸಿಗೆಯಲ್ಲಿ ಕೇಳಿದಳು, "ಅಮ್ಮ, ಈ ಸಲ ಅಜ್ಜನ ಜೊತೆ ಬೇಟೆಗೆ ನಾನೂ ಹೋಗ್ಲಾ?" ಅಜ್ಜ ಅಂದರೆ ನನ್ನ ಮಾವ. ವಿಸ್ಕಾನ್ಸಿನ್ ರಾಜ್ಯದ ರಿಚ್‌ಲ್ಯಾಂಡ್ ಕೌಂಟಿಯಲ್ಲಿ ಅವರದು 80 ಎಕರೆ ಜಮೀನು. ಅರ್ಧ ಓಕ್ ಮರಗಳ ಗುಡ್ಡ, ಅರ್ಧ ಮೆಕ್ಕೆಜೋಳ ಮತ್ತು ಹುಲ್ಲುಗಾವಲು. ಮಾವನಿಗೆ ಅಷ್ಟು ಹೊತ್ತಿಗೆ ಮಂಡಿ ನೋವು ಜಾಸ್ತಿಯಾಗಿತ್ತು, ಗುಡ್ಡ ಹತ್ತಲು ಆಗುತ್ತಿರಲಿಲ್ಲ. ನನ್ನ ಗಂಡನಿಗೆ ಆ ವಾರ ಕೆಲಸದಿಂದ ರಜೆ ಸಿಗುವುದಿಲ್ಲ. ಉಳಿದವಳು ನಾನು. ತೀರ್ಥಹಳ್ಳಿ ಕಡೆಯ ಹುಡುಗಿ. ನಮ್ಮ ಮನೆಯ ಅಟ್ಟದಲ್ಲಿ ಅಜ್ಜಯ್ಯನ ಕೇಪಿನ ಕೋವಿ ಇತ್ತು, ಆದರೆ ಹೆಣ್ಣುಮಕ್ಕಳು ಅದರ ಹತ್ತಿರ ಸುಳಿಯುವಂತಿರಲಿಲ್ಲ.

ಹಾಗಾಗಿ ನಾನೂ ಮಗಳೂ ಒಟ್ಟಿಗೇ ಕಲಿತೆವು. ಅಮೆರಿಕದಲ್ಲಿರುವ ಎಷ್ಟೋ ಕನ್ನಡದ ಮನೆಗಳಲ್ಲಿ ಈಗ ಮಕ್ಕಳು ಇದೇ ಪ್ರಶ್ನೆ ಕೇಳುತ್ತಿದ್ದಾರೆ. ಸ್ನೇಹಿತರ ಮನೆಯಲ್ಲಿ ನೋಡಿರುತ್ತಾರೆ, ಇಲ್ಲವೇ ನಮ್ಮ ಹಾಗೆ ಬೀಗರ ಮನೆಯ ಜಮೀನಿರುತ್ತದೆ. ಅಂಥ ತಂದೆ ತಾಯಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇದು ವಿಸ್ಕಾನ್ಸಿನ್‌ನ ಮಾತು. ಬೇರೆ ರಾಜ್ಯಗಳ ನಿಯಮ ಬೇರೆ. ಊರಿನಲ್ಲಂತೂ ಇದರ ಪ್ರಶ್ನೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆ ಹೊಡೆಯುವುದು ಅಪರಾಧ. ನಮ್ಮದೇ ತೋಟಕ್ಕೆ ಬಂದರೂ ಅಷ್ಟೇ. ಇಲ್ಲಿ ಪರಿಸ್ಥಿತಿ ಬೇರೆ. ಬಿಳಿಬಾಲದ ಜಿಂಕೆ ವಿಪರೀತ ಹೆಚ್ಚಿದೆ. ಓಕ್ ಸಸಿಗಳನ್ನು ಮೇಲೇಳಲು ಬಿಡುವುದಿಲ್ಲ, ರಾತ್ರಿ ರಸ್ತೆಗೆ ಅಡ್ಡ ಬಂದು ಕಾರಿಗೆ ಸಿಗುತ್ತವೆ. ರಾಜ್ಯವೇ ಪ್ರತಿ ವರ್ಷ ಲೆಕ್ಕ ಹಾಕಿ ಲೈಸೆನ್ಸ್ ಕೊಡುತ್ತದೆ. ಕೋವಿ ಬೇಟೆಗೆ ಲೈಸೆನ್ಸ್ ತೆಗೆದುಕೊಳ್ಳುವವರೇ ವರ್ಷಕ್ಕೆ 5 ಲಕ್ಷಕ್ಕಿಂತ ಜಾಸ್ತಿ.

ಮೊದಲು ಕಾಗದ ಪತ್ರ

ನಮ್ಮವರು ಎಡವುವುದು ಇಲ್ಲೇ, ಅದಕ್ಕೇ ಮೊದಲು ಹೇಳುತ್ತೇನೆ. ನೀವು ಎಚ್‌1ಬಿ, ಎಚ್‌4, ಎಫ್‌1 ಥರದ ವೀಸಾದಲ್ಲಿದ್ದರೆ ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಇದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅಂದರೆ ಲೈಸೆನ್ಸ್ ಕೈಗೆ ಬರುವ ಮೊದಲೇ ಸ್ನೇಹಿತರ ಶೂಟಿಂಗ್ ರೇಂಜಿನಲ್ಲಿ "ಒಂದ್ಸಲ ಹೊಡೆದು ನೋಡು" ಅಂದರೂ ತೊಂದರೆಯೇ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ವೀಸಾದಲ್ಲಿರುವವರು ಒಬ್ಬ ಇಮಿಗ್ರೇಷನ್ ವಕೀಲರನ್ನು ಕೇಳಿಯೇ ಮುಂದಿನ ಹೆಜ್ಜೆ ಇಡಿ. ಮಗುವಿನ ವೀಸಾವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆಮೇಲೆ ಹಂಟರ್ ಎಜುಕೇಷನ್ ಕೋರ್ಸ್. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಯಾರಿಗೇ ಆಗಲಿ ವಿಸ್ಕಾನ್ಸಿನ್‌ನಲ್ಲಿ ಇದು ಬೇಕು. ನಿಮಗೂ ಬೇಕು, ಮಗುವಿಗೂ ಬೇಕು. 12–13 ವಯಸ್ಸಿನವರು ಪ್ರಮಾಣಪತ್ರ ಇದ್ದರೂ ದೊಡ್ಡವರ ಜೊತೆಗೇ ಹೋಗಬೇಕು. 14 ತುಂಬಿ ಪ್ರಮಾಣಪತ್ರ ಇದ್ದರೆ ಒಬ್ಬರೇ ಹೋಗಲು ಕಾನೂನು ಬಿಡುತ್ತದೆ. ನಾನು ಬಿಡುವುದಿಲ್ಲ, ಅದು ಬೇರೆ ಮಾತು. ಕೋರ್ಸ್ ಇಲ್ಲದೆಯೂ ಮೆಂಟರ್ ಒಬ್ಬರ ಜೊತೆ, ಕೈಗೆಟುಕುವ ದೂರದಲ್ಲಿ ಕೂತು ಬೇಟೆ ಮಾಡುವ ಅವಕಾಶವಿದೆ. ಆದರೂ ಕೋರ್ಸ್ ಮಾಡಿಸಿಯೇ ಹೋಗಿ, ಅದರಲ್ಲೂ ಇಬ್ಬರೂ ಒಂದೇ ಬ್ಯಾಚಿನಲ್ಲಿ. ನಾನು ಪರೀಕ್ಷೆಯಲ್ಲಿ ಎರಡು ಪ್ರಶ್ನೆ ತಪ್ಪು ಮಾಡಿದೆ, ಮಗಳು ಒಂದೂ ತಪ್ಪಲಿಲ್ಲ. ಅವತ್ತಿನಿಂದ ಕೋವಿಯ ವಿಷಯದಲ್ಲಿ ಅವಳು ನನ್ನನ್ನು ತಿದ್ದಬಹುದು ಅನ್ನುವುದು ನಮ್ಮಿಬ್ಬರ ನಡುವೆ ತಾನಾಗಿ ಬಂತು. ಅದು ಮುಂದೆ ತುಂಬಾ ಕೆಲಸಕ್ಕೆ ಬಂತು.

ಕೋವಿ ಬೇಟೆಯ ಸೀಸನ್ ಶುರುವಾಗುವುದು ಥ್ಯಾಂಕ್ಸ್‌ಗಿವಿಂಗ್‌ಗೆ (ನವೆಂಬರ್‌ನ ನಾಲ್ಕನೇ ಗುರುವಾರದ ಹಬ್ಬ) ಮುಂಚಿನ ಶನಿವಾರ, ಒಟ್ಟು ಒಂಬತ್ತು ದಿನ. ಇದಲ್ಲದೆ ಅಕ್ಟೋಬರ್‌ನಲ್ಲಿ ಚಿಕ್ಕವರಿಗೇ ಅಂತ ಎರಡು ದಿನ ಇರುತ್ತದೆ. ಚಳಿ ಕಡಿಮೆ, ಗಲಾಟೆ ಕಡಿಮೆ. ಮೊದಲ ಸಲಕ್ಕೆ ಇದೇ ಒಳ್ಳೆಯದು.

ನಾಲ್ಕು ನಿಯಮ, ಮತ್ತು ನಮ್ಮ ಮನೆಯ ಒಂದು

ಕೋರ್ಸಿನಲ್ಲಿ ಕಲಿಸುವ ನಾಲ್ಕು ನಿಯಮಗಳು ಮಗುವಿಗೆ ನಿದ್ದೆಯಲ್ಲೂ ಬಾಯಿಗೆ ಬರಬೇಕು. ಪ್ರತಿ ಕೋವಿಯಲ್ಲೂ ತೋಟಾ ಇದೆ ಅಂತಲೇ ತಿಳಿ. ನಳಿಗೆಯನ್ನು ಯಾವಾಗಲೂ ಅಪಾಯವಿಲ್ಲದ ದಿಕ್ಕಿಗೆ ಹಿಡಿ. ಗುರಿ ಏನು, ಅದರ ಹಿಂದೆ ಏನಿದೆ ಅನ್ನುವುದು ಖಾತ್ರಿಯಾಗಲಿ. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರಲಿ.

ನಾವು ಇದಕ್ಕೆ ಐದನೆಯದೊಂದು ಸೇರಿಸಿಕೊಂಡೆವು. "ಬೇಡ" ಅನ್ನುವ ಮಾತು. ಇಬ್ಬರಲ್ಲಿ ಯಾರೇ "ಬೇಡ" ಅಂದರೂ ಆ ಈಡು ಹಾರುವುದಿಲ್ಲ. ಯಾಕೆ ಅಂತ ಆಗ ಕೇಳುವಂತಿಲ್ಲ, ಆಮೇಲೆ ಕೇಳಬಹುದು. ಹೊಡೆಯುವ ತೀರ್ಮಾನ ಮಗಳೊಬ್ಬಳದು. ಬಿಡುವ ತೀರ್ಮಾನ ಯಾರದಾದರೂ ಆಗಬಹುದು. ಈ ಲೇಖನದಲ್ಲಿ ನಿಮಗೆ ಒಂದೇ ಒಂದು ವಿಷಯ ನೆನಪಿರುವುದಾದರೆ ಇದಿರಲಿ. ಹದಿಮೂರು ಹದಿನಾಲ್ಕರ ಮಕ್ಕಳು ದೊಡ್ಡವರನ್ನು ಮೆಚ್ಚಿಸಲು ಎಷ್ಟೋ ಸಲ ಮನಸ್ಸಿಲ್ಲದ್ದನ್ನೂ ಮಾಡುತ್ತಾರೆ. ಕೈಯಲ್ಲಿ ಕೋವಿ ಇರುವಾಗ ಹಾಗಾಗಬಾರದು. ಬಿಟ್ಟರೆ ಅಮ್ಮನಿಗೆ ಬೇಜಾರಾಗುತ್ತೆ ಅನ್ನುವ ಭಯ ಮಗುವಿನ ತಲೆಯಲ್ಲಿ ಇರಲೇಕೂಡದು.

ಇಬ್ಬರಿಗೂ ಸೇರಿ ಒಂದೇ ಕೋವಿ ಒಯ್ಯಿರಿ. ನಿಮ್ಮ ಕೈಯಲ್ಲೂ ಒಂದಿದ್ದರೆ ನಿಮ್ಮ ಕಣ್ಣು ಜಿಂಕೆಯ ಮೇಲಿರುತ್ತದೆ. ಅದು ಮಗುವಿನ ಬೆರಳಿನ ಮೇಲೆ, ನಳಿಗೆಯ ಮೇಲೆ ಇರಬೇಕು.

ಜಮೀನು ನಡೆದು ನೋಡಿ

ಇದನ್ನು ಆಗಸ್ಟ್‌ನಲ್ಲೇ ಶುರು ಮಾಡಿ. ಮನೆಯದೇ ಜಮೀನು, ಗೊತ್ತಿಲ್ಲದ್ದೇನಿದೆ ಅನ್ನಿಸುತ್ತದೆ ಅಲ್ವಾ? ನಾನು 15 ವರ್ಷ ಆ ಮನೆಗೆ ಹೋಗಿ ಬಂದಿದ್ದೆ. ಮೇಲಿನ ಬೇಲಿ ಎಲ್ಲಿ ತಿರುಗುತ್ತದೆ ಅಂತ ಗೊತ್ತಿರಲಿಲ್ಲ.

ಮೊದಲ ದಿನ ಗಡಿ ನಡೆಯಿರಿ. ಮನೆಯ ಹಿರಿಯರಿಂದ ಹಳೆಯ ಗುರುತುಗಳನ್ನು ಕೇಳಿಕೊಳ್ಳಿ. ಅಕ್ಕಪಕ್ಕದ ಮನೆ, ಕೊಟ್ಟಿಗೆ, ರಸ್ತೆ ಯಾವ ದಿಕ್ಕಿಗಿವೆ ಅಂತ ಮಗುವಿನ ಕೈಯಿಂದಲೇ ಒಂದು ನಕ್ಷೆ ಬರೆಸಿ. ಯಾವ ದಿಕ್ಕಿಗೆ ಎಂದೂ ಹೊಡೆಯಬಾರದೋ ಅಲ್ಲಿ ಕೆಂಪು ಪೆನ್ಸಿಲ್. ನಮ್ಮ ನಕ್ಷೆಯಲ್ಲಿ ಪೂರ್ವ ಪೂರ್ತಿ ಕೆಂಪು, ಯಾಕೆಂದರೆ ಗುಡ್ಡದ ನೆತ್ತಿಯ ಆಚೆ ಒಂದು ಡೈರಿ ಇದೆ. ರೈಫಲ್ ಗುಂಡು ಮೈಲಿಗಟ್ಟಲೆ ಹೋಗುತ್ತದೆ. ಜಿಂಕೆಯ ಹಿಂದೆ ಮಣ್ಣಿನ ದಿಬ್ಬ ಇಲ್ಲ, ಬರೀ ಆಕಾಶ ಕಾಣುತ್ತಿದೆ ಅಂದರೆ ಅದು "ಬೇಡ".

ಅದೇ ವಾರ ಪಕ್ಕದ ಜಮೀನಿನವರ ಮನೆಗೂ ಹೋಗಿ ಮಾತಾಡಿಸಿ. ಪೆಟ್ಟು ತಿಂದ ಜಿಂಕೆ ಬೇಲಿ ದಾಟಿದರೆ ಅವರ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ಅವರು ಬೇಟೆಗೆ ಎಲ್ಲಿ ಕೂರುತ್ತಾರೆ ಅನ್ನುವುದೂ ನಿಮಗೆ ಗೊತ್ತಿರಬೇಕು. ನಾನು ಒಂದು ಡಬ್ಬಿ ಚಕ್ಕುಲಿ ತೆಗೆದುಕೊಂಡು ಹೋಗಿದ್ದೆ. ಈಗ ಪ್ರತಿ ವರ್ಷ ಅವರೇ ಕೇಳುತ್ತಾರೆ.

ಆಮೇಲೆ ಜಿಂಕೆಯ ದಾರಿ. ಓಕ್ ಕಾಯಿ ಉದುರುವ ಜಾಗ, ಹುಲ್ಲು ಮಲಗಿದ ಜಾಗ, ಬೇಲಿ ತಂತಿಗೆ ಸಿಕ್ಕ ಕೂದಲು, ಕೊಂಬು ಉಜ್ಜಿ ಸಿಪ್ಪೆ ಎದ್ದ ಸಣ್ಣ ಮರ. ನಮ್ಮಲ್ಲಿ ಗುಡ್ಡದ ಎರಡು ತಲೆಗಳ ನಡುವೆ ತಗ್ಗಾದ ಒಂದು ಜಾಗವಿದೆ, ಕುದುರೆ ಬೆನ್ನಿನ ಹಾಗೆ. ಆಚೆ ಈಚೆ ಹೋಗುವ ಜಿಂಕೆಗಳೆಲ್ಲ ಅಲ್ಲೇ ದಾಟುತ್ತವೆ. ನಾಲ್ಕು ಬೆರಳಗಲ ದಾರಿ ಸವೆದಿದೆ. ಮಗಳು ಅದನ್ನು ತಾನೇ ಹುಡುಕಿದಳು. ಮಾವನಿಗೆ ಅದು 40 ವರ್ಷದಿಂದ ಗೊತ್ತಿತ್ತು, ಆದರೆ ಹೇಳಿರಲಿಲ್ಲ. "ಅವಳೇ ಹುಡುಕಲಿ ಅಂತ ಕಾಯ್ತಿದ್ದೆ" ಅಂದರು.

ಕೂರುವ ಜಾಗವನ್ನು ಗಾಳಿ ನೋಡಿ ಆರಿಸಿ. ಗಾಳಿ ಜಿಂಕೆಯ ಕಡೆಯಿಂದ ನಿಮ್ಮ ಕಡೆಗೆ ಬೀಸಬೇಕು. ನಮ್ಮ ಕಣ್ಣಿಗೆ ಅವು ಬೀಳುವ ಮೊದಲೇ ನಮ್ಮ ವಾಸನೆ ಅವಕ್ಕೆ ಸಿಗುತ್ತದೆ. ವಾಯವ್ಯದ ಗಾಳಿಗೊಂದು ಜಾಗ, ದಕ್ಷಿಣದ ಗಾಳಿಗೊಂದು ಜಾಗ, ಹೀಗೆ ಎರಡಾದರೂ ಇಟ್ಟುಕೊಳ್ಳಿ. ಜೋಳ, ಉಪ್ಪಿನ ಗಡ್ಡೆ ಇಟ್ಟು ಕರೆಯುವ ಯೋಚನೆ ಬೇಡ. ರೋಗ ಹರಡುತ್ತದೆ ಅಂತ ನಮ್ಮ ಕೌಂಟಿಯಲ್ಲಿ ಅದಕ್ಕೆ ನಿಷೇಧವಿದೆ.

ಮರದ ಮೇಲಿನ ಅಟ್ಟಣೆಯೋ ನೆಲದ ಮರೆಯೋ? ಮೊದಲ ಎರಡು ವರ್ಷ ನೆಲವೇ ಸಾಕು. ಇಲ್ಲಿ ಬೇಟೆಗಾರರಿಗೆ ಪೆಟ್ಟಾಗುವುದರಲ್ಲಿ ಅಟ್ಟಣೆಯಿಂದ ಬೀಳುವುದು ದೊಡ್ಡ ಪಾಲು. ಬಟ್ಟೆಯ ಗುಡಾರದ ಥರದ ಬ್ಲೈಂಡ್‌ನಲ್ಲಿ ಇಬ್ಬರು ಪಕ್ಕಪಕ್ಕ ಕೂರಬಹುದು, ಮಗು ಅತ್ತಿತ್ತ ಹೊರಳಿದರೂ ಕಾಣುವುದಿಲ್ಲ. ಮುಂದೆ ಅಟ್ಟಣೆ ಹತ್ತುವುದಾದರೆ ಇಡೀ ಮೈಗೆ ಕಟ್ಟುವ ಬೆಲ್ಟು ನೆಲ ಬಿಡುವ ಮೊದಲೇ ಕಟ್ಟಿರಬೇಕು. ಕೋವಿಯನ್ನು ತೋಟಾ ತೆಗೆದು, ಮೇಲೆ ಹತ್ತಿ ಕೂತ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳಬೇಕು.

ಗುರಿ ಕೂರುವವರೆಗೆ

ಮೊದಲು .22 ರೈಫಲ್‌ನಲ್ಲಿ ಕಲಿಸಿ. ಸದ್ದು ಕಡಿಮೆ, ಹೆಗಲಿಗೆ ಒದೆಯುವುದಿಲ್ಲ. ಕಿವಿಗೆ, ಕಣ್ಣಿಗೆ ರಕ್ಷಣೆ ಇರಲೇಬೇಕು. ಜಿಂಕೆಗೆ .243 ಅಥವಾ 7ಎಂಎಂ-08 ಅಳತೆಯ ತೋಟಾ ಹಾಕುವ ರೈಫಲ್‌ಗಳು ಮಕ್ಕಳ ಹೆಗಲು ತಡೆಯುವಂಥವು. ಅಜ್ಜನ ದೊಡ್ಡ ರೈಫಲ್ ಕೊಟ್ಟರೆ ಒಂದೇ ಈಡಿಗೆ ಮಗು ಕಣ್ಣು ಮುಚ್ಚಲು ಕಲಿಯುತ್ತದೆ. ಆ ಅಭ್ಯಾಸ ಬಿಡಿಸಲು ವರ್ಷ ಬೇಕು. ಕೋವಿಯ ಹಿಂಬದಿಯಲ್ಲಿ ಹೆಗಲಿಗೆ ಒತ್ತಿಕೊಳ್ಳುವ ಮರದ ಭಾಗ ಉದ್ದವಾಗಿದ್ದರೆ ಗಿಡ್ಡ ಮಾಡಿಸಿ.

ಎಂಟು ಇಂಚಿನ ಪೇಪರ್ ತಟ್ಟೆ ಸಾಕು. ಜಿಂಕೆಯ ಶ್ವಾಸಕೋಶ ಮತ್ತು ಹೃದಯ ಇರುವ ಜಾಗ ಸುಮಾರು ಅಷ್ಟೇ ದೊಡ್ಡದು. ಬೇಟೆಯ ದಿನ ಹೇಗೆ ಕೂರುತ್ತಾಳೋ ಹಾಗೇ ಕೂರಿಸಿ, ದಪ್ಪ ಜಾಕೆಟ್ ಹಾಕಿಸಿ, ಕೋಲಿನ ಆಸರೆ ಕೊಟ್ಟು ಹೊಡೆಸಿ. ಯಾವ ದೂರದಲ್ಲಿ ಐದಕ್ಕೆ ಐದೂ ತಟ್ಟೆಗೆ ಬೀಳುತ್ತವೋ ಅದೇ ಅವಳ ಗಡಿ. ನಮ್ಮದು 75 ಗಜ ಆಗಿತ್ತು. ಬ್ಲೈಂಡ್‌ನ ಸುತ್ತ ಆ ದೂರಕ್ಕೆ ಗುರುತಿನ ಮರಗಳನ್ನು ಮೊದಲೇ ನೋಡಿಟ್ಟುಕೊಂಡೆವು.

ಚಿತ್ರ ತೋರಿಸಿ ಹೇಳಿಕೊಡಿ. ಜಿಂಕೆ ಪಕ್ಕೆ ಕೊಟ್ಟು ನಿಂತಾಗ ಮುಂಗಾಲಿನ ಹಿಂಬದಿಯ ಗೆರೆ ಹಿಡಿದು ಮೇಲೆ ಬಂದು, ಮೈಯ ಎತ್ತರದ ಮೂರನೇ ಒಂದು ಭಾಗದಲ್ಲಿ ನಿಲ್ಲು. ಎದುರಿಗೆ ಮುಖ ಮಾಡಿ ನಿಂತದ್ದು, ಓಡುತ್ತಿರುವುದು, ಪೊದೆಯೊಳಗೆ ಅರ್ಧ ಕಂಡದ್ದು, ಈ ಮೂರೂ "ಬೇಡ".

ಗುಂಡು ತಾಮ್ರದ್ದೇ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಸೀಸದ ಗುಂಡು ಒಳಗೆ ಚೂರಾಗಿ, ಕಣ್ಣಿಗೆ ಕಾಣದ ಚೂರುಗಳು ಗಾಯದಿಂದ ಸುಮಾರು ದೂರದವರೆಗೆ ಮಾಂಸದಲ್ಲಿ ಉಳಿಯುತ್ತವೆ. ಅದನ್ನು ತಿನ್ನುವವರು ನಮ್ಮ ಮಕ್ಕಳೇ.

ಆ ಬೆಳಿಗ್ಗೆ

ಉಡುಪಿನ ನಿಯಮ ಸುಲಭ. ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಅರ್ಧಕ್ಕಿಂತ ಕಡಿಮೆಯಾಗದಂತೆ ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಇರಬೇಕು, ಟೊಪ್ಪಿಯೂ ಹಾಗೇ. ಸುಮ್ನೆ ಪೂರ್ತಿ ಕಿತ್ತಳೆ ಹಾಕಿಬಿಡಿ. ಒಳಗೆ ಹತ್ತಿಯ ಬಟ್ಟೆ ಬೇಡ, ಬೆವರಿಗೆ ಒದ್ದೆಯಾದರೆ ಆರುವುದಿಲ್ಲ. ಉಣ್ಣೆ ಹಾಕಿ. ನವೆಂಬರ್ ಬೆಳಿಗ್ಗೆ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿರುವುದು ಸಾಮಾನ್ಯ. ನಡೆಯುವಾಗ ಜಾಕೆಟ್ ಕೈಯಲ್ಲಿರಲಿ, ಕೂತ ಮೇಲೆ ಹಾಕಿಕೊಳ್ಳಿ.

ಬೆಳಕು ಹರಿಯಲು ಒಂದು ಗಂಟೆ ಮುಂಚೆ ಕೂತಿರಬೇಕು. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲು ಹೊಡೆಯಬಹುದು ಅಂತ ನಿಯಮ. ದಿನ ದಿನದ ಸಮಯ ರಾಜ್ಯದ ಪಟ್ಟಿಯಲ್ಲಿ ಸಿಗುತ್ತದೆ. ಆದರೂ ಮಗುವಿಗೆ ಕಾಲು, ಕಿವಿ, ಕೊಂಬು ಬಿಡಿಬಿಡಿಯಾಗಿ ಕಾಣುವಷ್ಟು ಬೆಳಕಾಗುವ ತನಕ ಕೋವಿಗೆ ತೋಟಾ ತುಂಬಬೇಡಿ.

ಹಸಿವು, ಚಳಿ, ಬೇಸರ, ಈ ಮೂರರಿಂದ ಮಕ್ಕಳ ತಾಳ್ಮೆ ಹೋಗುತ್ತದೆ. ಥರ್ಮಾಸ್‌ನಲ್ಲಿ ಬಿಸಿ ಬೂಸ್ಟ್, ಸದ್ದಾಗದ ಹಾಗೆ ಬಟ್ಟೆಯಲ್ಲಿ ಸುತ್ತಿದ ಚಪಾತಿ ಮತ್ತು ಬೆಲ್ಲ, ಕೈ ಬೆಚ್ಚಗಿಡುವ ಪೊಟ್ಟಣ. ಮೂರು ಗಂಟೆಯಾದ ಮೇಲೆ "ಮನೆಗೆ ಹೋಗೋಣ" ಅಂದರೆ ಎದ್ದುಬಿಡಿ. ಒಂದು ಮಾತೂ ಆಡಬೇಡಿ. ಮುಂದಿನ ವರ್ಷ ಅವಳಾಗಿಯೇ ಬರುತ್ತಾಳೆ.

ಮೊದಲ ವರ್ಷ ನಮಗೆ ಏನೂ ಸಿಗಲಿಲ್ಲ. ಸಿಗಲಿಲ್ಲ ಅನ್ನುವುದಕ್ಕಿಂತ ಬಿಟ್ಟೆವು. ಎರಡನೇ ದಿನ ಎಂಟು ಗಂಟೆ ಹೊತ್ತಿಗೆ ಒಂದು ಹೆಣ್ಣು ಜಿಂಕೆ ತಗ್ಗಿನಿಂದ ಮೇಲೆ ಬಂತು. 50 ಗಜ ಇರಬಹುದು. ಪಕ್ಕೆ ಕೊಟ್ಟು ನಿಂತಿತು, ಹಿಂದೆ ಮಣ್ಣಿನ ದಿಬ್ಬ. ಎಲ್ಲ ಸರಿ ಇತ್ತು. ಮಗಳ ಬೆರಳು ಟ್ರಿಗರ್ ಕಾವಲಿನ ಹೊರಗೆ ನೆಟ್ಟಗೆ ಚಾಚಿಕೊಂಡಿತ್ತು. ಉಗುರಿನ ಬುಡ ಬೆಳ್ಳಗಾಗಿತ್ತು. ಜಿಂಕೆಯ ಉಸಿರು ಹಬೆಯಾಗಿ ಕಾಣುತ್ತಿತ್ತು. ನಾನು ಕಾದೆ. ತುಂಬಾ ಹೊತ್ತಿನ ಮೇಲೆ "ಬೇಡ" ಅಂತ ಪಿಸುಗುಟ್ಟಿದಳು. ಸೇಫ್ಟಿ ಹಾಕಿದ ಸಣ್ಣ ಸದ್ದು ಕೇಳಿತು. ಜಿಂಕೆ ತಲೆ ಎತ್ತಿ ನಮ್ಮ ಕಡೆ ನೋಡಿ, ಬಾಲ ಎತ್ತಿ ಇಳಿದು ಹೋಯಿತು. ಮನೆಗೆ ಹೋಗುವಾಗ ಹೇಳಿದಳು, "ಕೈ ನಡುಗ್ತಾ ಇತ್ತು ಅಮ್ಮ. ತಟ್ಟೆಗೆ ಬೀಳ್ತಿರ್ಲಿಲ್ಲ." ಅವತ್ತು ರಾತ್ರಿ ಮಾವ ಅವಳ ತಟ್ಟೆಗೆ ಎಲ್ಲರಿಗಿಂತ ಮೊದಲು ಬಡಿಸಿದರು.

ಈಡು ಹಾರಿದ ಮೇಲೆ

ಮರುವರ್ಷ ಹೊಡೆದಳು. ಇಲ್ಲಿಂದ ಮುಂದಿನ ಕೆಲಸದಲ್ಲಿ ನಿಮ್ಮ ಪಾಲು ಜಾಸ್ತಿ.

ಮೊದಲು ಎದ್ದು ಓಡಬೇಡಿ. ಕೋವಿಗೆ ಸೇಫ್ಟಿ ಹಾಕಿಸಿ. ಜಿಂಕೆ ಎಲ್ಲಿ ನಿಂತಿತ್ತು, ಕೊನೆಗೆ ಎಲ್ಲಿ ಕಂಡಿತು, ಎರಡೂ ಜಾಗವನ್ನು ಮಗುವಿನಿಂದ ಬೆರಳು ಮಾಡಿ ತೋರಿಸಿಕೊಳ್ಳಿ. ಗಡಿಯಾರ ನೋಡಿ ಅರ್ಧ ಗಂಟೆ ಕಾಯಿರಿ. ಚೆನ್ನಾಗಿ ಪೆಟ್ಟಾದ ಜಿಂಕೆಯೂ ನೂರು ಗಜ ಓಡಬಲ್ಲದು. ಅಟ್ಟಿಸಿಕೊಂಡು ಹೋದರೆ ಇನ್ನೂ ದೂರ ಹೋಗುತ್ತದೆ.

ಆಮೇಲೆ ನಿಂತಿದ್ದ ಜಾಗಕ್ಕೆ ನಿಧಾನ ಹೋಗಿ ರಕ್ತ ನೋಡಿ. ತಿಳಿ ಕೆಂಪು, ನೊರೆ ಇದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಡು ಕೆಂಪಾದರೆ ಲಿವರ್, ಇನ್ನೂ ಮೂರು ನಾಲ್ಕು ಗಂಟೆ ಬಿಡಬೇಕು. ಹಸಿರು ಮಿಶ್ರಿತವಾಗಿ ವಾಸನೆ ಬಂದರೆ ಹೊಟ್ಟೆಗೆ ತಗಲಿದೆ. ಆಗ ಎಂಟು ಗಂಟೆಯಾದರೂ ಬಿಟ್ಟು ಬರಬೇಕು. ಮಗುವಿಗೆ ಇದನ್ನು ಮುಚ್ಚಿಡಬೇಡಿ. ತಪ್ಪಿದ ಈಡಿನ ನೋವು ಯಾರದು ಅಂತ ಅವಳಿಗೆ ಗೊತ್ತಾಗಬೇಕು. ಹುಡುಕುವ ಜವಾಬ್ದಾರಿ ಸಿಗುವ ತನಕ ಅಂತಲೂ ಗೊತ್ತಾಗಬೇಕು.

ನಮಗೆ ಸಿಕ್ಕಿದ ಮೊದಲ ಹನಿ ಒಂದು ಓಕ್ ಎಲೆಯ ಮೇಲಿತ್ತು. ಬಟಾಣಿ ಗಾತ್ರ, ಒಳಗೆ ಸಣ್ಣ ಗುಳ್ಳೆಗಳು. ಪ್ರತಿ ಹನಿಯ ಹತ್ತಿರ ಒಂದು ಟಿಶ್ಯೂ ಪೇಪರ್ ಚೂರು ಇಡುತ್ತಾ ಹೋದೆವು. ಹಿಂದೆ ತಿರುಗಿ ನೋಡಿದರೆ ಬಿಳಿ ಚುಕ್ಕೆಗಳ ಸಾಲು ದಿಕ್ಕು ತೋರಿಸುತ್ತದೆ. 60 ಹೆಜ್ಜೆಗೆ ಜಿಂಕೆ ಸಿಕ್ಕಿತು. ಬೆನ್ನಿನ ಕಡೆಯಿಂದ ಹೋಗಿ, ಉದ್ದ ಕಡ್ಡಿಯಿಂದ ಕಣ್ಣು ಮುಟ್ಟಿ ನೋಡಿ. ರೆಪ್ಪೆ ಅಲುಗದಿದ್ದರೆ ಜೀವ ಹೋಗಿದೆ. ಟಿಶ್ಯೂ ಚೂರುಗಳನ್ನು ಹೆಕ್ಕಿಕೊಂಡು ಬನ್ನಿ.

ಮಗಳು ಪಕ್ಕದಲ್ಲಿ ಕೂತು ಅದರ ಕಿವಿ ಮುಟ್ಟಿದಳು. ಸ್ವಲ್ಪ ಹೊತ್ತು ಅತ್ತಳು. ನಾನು ಫೋಟೋ ತೆಗೆಯಲಿಲ್ಲ, "ಶಭಾಷ್" ಅನ್ನಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಪಕ್ಕದಲ್ಲಿ ಕೂತೆ, ಅಷ್ಟೇ. ಕೆಲವು ಮಕ್ಕಳು ಅಳುವುದಿಲ್ಲ, ಅದರಲ್ಲೂ ತಪ್ಪಿಲ್ಲ. ಎದ್ದು ನಿಂತು "ಈಗ ಏನು ಮಾಡ್ಬೇಕು?" ಅಂತ ಅವರೇ ಕೇಳುವ ತನಕ ಚಾಕು ತೆಗೆಯಬೇಡಿ.

ಹೊಟ್ಟೆ ಸೀಳಿ ಒಳಗಿನದ್ದನ್ನು ತೆಗೆಯುವುದನ್ನು ಬರೆದು ಕಲಿಸಲಾಗದು. ಮೊದಲ ಸಲ ಗೊತ್ತಿದ್ದವರು ಪಕ್ಕದಲ್ಲಿರಲಿ. ಮಾವ ಮಂಡಿ ನೋವಿನಲ್ಲೂ ಟ್ರ್ಯಾಕ್ಟರ್ ಹತ್ತಿ ಬಂದಿದ್ದರು. ಕೈಗೆ ಗ್ಲೌಸ್ ಹಾಕಿ. ಮೂತ್ರಚೀಲ, ಕರುಳು ತೂತಾಗದಂತೆ ನೋಡಿಕೊಳ್ಳಿ. ಬೇಗ ತಣಿಸಿ, 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಡಿ. ಮರುದಿನ ಸಂಜೆ 5 ಗಂಟೆಯೊಳಗೆ ಆನ್‌ಲೈನ್‌ನಲ್ಲೋ ಫೋನ್‌ನಲ್ಲೋ ನೋಂದಣಿ ಮಾಡಿಸುವುದು ಕಡ್ಡಾಯ. ಈ ಕೆಲಸ ಮಗುವೇ ಮಾಡಲಿ.

ತಿನ್ನುವ ಮೊದಲು ಪರೀಕ್ಷೆ

ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಅಂದರೆ ಸಿಡಬ್ಲ್ಯೂಡಿ ಅನ್ನುವ ರೋಗ ವಿಸ್ಕಾನ್ಸಿನ್‌ನಲ್ಲಿ ಮೊದಲು ಪತ್ತೆಯಾದದ್ದು 2002ರಲ್ಲಿ. ಪ್ರಿಯಾನ್ ಅನ್ನುವ ಕೆಟ್ಟ ಪ್ರೋಟೀನಿನಿಂದ ಬರುತ್ತದೆ, ಮಿದುಳು ಸವೆದು ಜಿಂಕೆ ಸಾಯುತ್ತದೆ. ನಮ್ಮ ಕೌಂಟಿ ಈ ರೋಗ ಜಾಸ್ತಿ ಇರುವ ಕಡೆಗೇ ಸೇರಿದೆ. ಮನುಷ್ಯರಿಗೆ ಬಂದದ್ದು ಇದುವರೆಗೆ ಖಚಿತವಾಗಿಲ್ಲ. ಆದರೂ ರೋಗ ಇರುವ ಜಿಂಕೆಯ ಮಾಂಸ ತಿನ್ನಬೇಡಿ ಅಂತ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಬೇಯಿಸಿದರೂ ಪ್ರಿಯಾನ್ ಸಾಯುವುದಿಲ್ಲ. ನೋಡಲು ಪೂರ್ತಿ ಆರೋಗ್ಯವಾಗಿ ಕಾಣುವ ಜಿಂಕೆಗೂ ರೋಗ ಇರಬಹುದು.

ರಾಜ್ಯದವರು ಉಚಿತವಾಗಿ ಪರೀಕ್ಷೆ ಮಾಡುತ್ತಾರೆ. ಕತ್ತಿನ ದುಗ್ಧಗ್ರಂಥಿ ಬೇಕು, ಹಾಗಾಗಿ ತಲೆಯನ್ನು ಅವರ ಸಂಗ್ರಹ ಪೆಟ್ಟಿಗೆಯಲ್ಲಿ ಬಿಟ್ಟು ಬಂದರಾಯಿತು. ಫಲಿತಾಂಶ ಬರುವ ತನಕ ಮಾಂಸ ಫ್ರೀಜರ್‌ನಲ್ಲಿ, ಹೆಸರು ತಾರೀಖು ಬರೆದು. ಮಿದುಳು, ಬೆನ್ನುಹುರಿ, ಗುಲ್ಮ, ಗ್ರಂಥಿಗಳನ್ನು ಕತ್ತರಿಸದೆ ಮಾಂಸವನ್ನು ಮೂಳೆಯಿಂದ ಬಿಡಿಸಿ. ಫಲಿತಾಂಶಕ್ಕೆ ಮೊದಲು ಯಾರಿಗೂ ಪಾಲು ಹಂಚಬೇಡಿ. ಮೂರನೇ ವರ್ಷದ ನಮ್ಮ ಜಿಂಕೆಗೆ ರೋಗ ಇತ್ತು. ಪೂರ್ತಿ ಎಸೆದೆವು. ಮಗಳಿಗೆ ಅದು ಹೊಡೆದದ್ದಕ್ಕಿಂತ ಕಷ್ಟವಾಯಿತು.

ಪರೀಕ್ಷೆಯಲ್ಲಿ ಪಾಸಾದ ಮಾಂಸಕ್ಕೆ ಊರಿನ ಮಸಾಲೆ ಬಹಳ ಚೆನ್ನಾಗಿ ಹೊಂದುತ್ತದೆ. ಜಿಂಕೆಯ ಕೊಬ್ಬು ಮೇಣದ ಹಾಗೆ ಬಾಯಿಗೆ ಅಂಟುತ್ತದೆ, ಎಲ್ಲ ತೆಗೆದುಬಿಡಿ. ಬದಲಿಗೆ ತೆಂಗಿನೆಣ್ಣೆ ಧಾರಾಳ ಹಾಕಿ. ತೊಡೆಯ ಮಾಂಸಕ್ಕೆ ಕೊತ್ತಂಬರಿ ಬೀಜ, ಕಾಳುಮೆಣಸು, ಬೆಳ್ಳುಳ್ಳಿ ಹುರಿದು ರುಬ್ಬಿ, ಕುಕ್ಕರಿನಲ್ಲಿ ನಿಧಾನ ಉರಿಯಲ್ಲಿ ಬೇಯಿಸಿ. ಜೊತೆಗೆ ಕಡುಬು. ಖೀಮಾ ಮಾಡಿದರೆ ಒಳಗಿನ ಬಿಸಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಮೊದಲ ಪಾಲು ಪಕ್ಕದ ಜಮೀನಿನವರಿಗೆ.

ಡಿಸೆಂಬರ್‌ನಲ್ಲಿ ಊರಿಗೆ ಹೊರಡುವವರಿಗೆ

ಬೇಟೆ ಮುಗಿದು ಮೂರು ವಾರಕ್ಕೆ ಮಕ್ಕಳಿಗೆ ಕ್ರಿಸ್ಮಸ್ ರಜೆ. ನಮ್ಮವರೆಲ್ಲ ಊರಿಗೆ ಹೊರಡುವ ಸಮಯ. ಬೇಟೆಗೆ ಒಯ್ದ ಬ್ಯಾಗ್, ಜಾಕೆಟ್, ಪ್ಯಾಂಟ್ ಯಾವುದನ್ನೂ ವಿಮಾನಕ್ಕೆ ಒಯ್ಯಬೇಡಿ. ಭಾರತದ ವಿಮಾನ ನಿಲ್ದಾಣದಲ್ಲಿ ಮರೆತು ಉಳಿದ ಒಂದೇ ಒಂದು ತೋಟಾ ಸಿಕ್ಕರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸು ಬೀಳಬಹುದು. ಗೊತ್ತಿಲ್ಲದೆ ಬಂತು ಅಂತ ಕೋರ್ಟಿನಲ್ಲಿ ತೋರಿಸುವ ಹೊತ್ತಿಗೆ ನಿಮ್ಮ ರಜೆ ಮುಗಿದಿರುತ್ತದೆ. ಕೊಂಬನ್ನೂ ಒಯ್ಯಬೇಡಿ.

ಸೀಸನ್ನಿನ ಕೊನೆಯ ಭಾನುವಾರ ಸಂಜೆ ಎಲ್ಲ ಜೇಬುಗಳನ್ನು ಒಳಹೊರಗು ಮಾಡಿ ಜಾಡಿಸಿ. ತೋಟಾಗಳನ್ನು ಎಣಿಸಿ, ಒಯ್ದದ್ದೆಷ್ಟು, ಹಾರಿಸಿದ್ದೆಷ್ಟು, ಉಳಿದದ್ದೆಷ್ಟು ಅಂತ ಬರೆದಿಡಿ. ಮೊದಲ ವರ್ಷ ನಾವು ಎಣಿಸಿದಾಗ ಒಂದು ಕಡಿಮೆ ಬಂತು. ಎರಡು ದಿನ ಮನೆಯೆಲ್ಲ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಮಗಳ ಕಿತ್ತಳೆ ಜಾಕೆಟ್ಟಿನಲ್ಲಿ, ಜೇಬಿನ ಹೊಲಿಗೆ ಬಿಚ್ಚಿ ಒಳಗಿನ ಅಸ್ತರಿಗೆ ಇಳಿದುಹೋಗಿತ್ತು.